ಬಿಸಿಲಿಗೆ ಗುಳ್ಳೆ ಏಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಿಸಿಲೇ ಆಗದವರಿಗೆ ಬೆಳಕಿನ ಚಿಕಿತ್ಸೆ ಯಾಕೆ ಅಂತ ಇಲ್ಲಿ ಕೆಲವರು ಕೇಳಿದ್ದೀರಿ. ಕೇಳಬೇಕಾದ್ದೇ.

ನಮ್ಮ ಕರಾವಳಿಯಲ್ಲಿ ಮಳೆಗಾಲವಿಡೀ ಮೈಗೆ ಸರಿಯಾಗಿ ಬಿಸಿಲು ತಾಗುವುದಿಲ್ಲ. ಮೋಡ ಸರಿದ ಮೇಲೆ ಒಂದು ದಿನ ಕಾರವಾರದ ಪೇಟೆ ಸುತ್ತಿ ಬಂದರೆ ಸಾಕು, ಸಂಜೆಗೆ ಮುಂಗೈ, ಕತ್ತಿನ ಕೆಳಗೆಲ್ಲ ಸಣ್ಣ ಕೆಂಪು ಗುಳ್ಳೆ, ತಡೆಯಲಾರದ ತುರಿಕೆ. ಬೆಳಕಿನ ಚಿಕಿತ್ಸೆ ಚರ್ಮಕ್ಕೆ ಮೊದಲೇ ಬಿಸಿಲಿನ ರೂಢಿ ಮಾಡಿಸುತ್ತದೆ. 311 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಯುವಿಬಿ (ಬಿಸಿಲಿನಲ್ಲೂ ಇರುವ ಅತಿನೇರಳೆ ಕಿರಣದ ಒಂದು ಬಗೆ) ಬೆಳಕು, ವಾರಕ್ಕೆ 3 ಸಲ, ಸಾಮಾನ್ಯವಾಗಿ 5 ವಾರ. ಮೊದಲು ತೀರಾ ಕಡಿಮೆ, ಆಮೇಲೆ ಸ್ವಲ್ಪ ಸ್ವಲ್ಪವೇ ಜಾಸ್ತಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ. ನಡುವೆ ಗುಳ್ಳೆ ಎದ್ದರೆ ಗಾಬರಿ ಬೇಡ, ಆದರೆ ಡಾಕ್ಟರಿಗೆ ಹೇಳದೆ ಮುಚ್ಚಿಡಲೂ ಬೇಡಿ.

ಇದರ ಫಲ ಆ ಬಿಸಿಲುಗಾಲಕ್ಕೆ ಮಾತ್ರ. ಮುಂದಿನ ವರ್ಷ ಮತ್ತೆ ಬೇಕಾಗಬಹುದು. ಹಾಗಾಗಿ ಮಳೆ ಇರುವಾಗಲೇ ಚರ್ಮದ ಡಾಕ್ಟರನ್ನು ಕಾಣುವುದು ಒಳ್ಳೆಯದು.

ಲೂಪಸ್ (ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಇದ್ದರೆ ಬೆಳಕಿನಿಂದ ಅದು ಕೆರಳಬಹುದು. ಅದಕ್ಕೇ ಕೆಲವರಿಗೆ ಆ ಕಾಯಿಲೆಯ ಸುಳಿವು ಇದೆಯಾ ಅಂತ ನೋಡಲು ಎಎನ್‌ಎ ರಕ್ತಪರೀಕ್ಷೆ ಬರೆದುಕೊಡುತ್ತಾರೆ, ಸುಮ್ನೆ ಖರ್ಚು ಅಂದುಕೊಳ್ಳಬೇಡಿ. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದರಿಂದ ಚರ್ಮ ಬೆಳಕಿಗೆ ಇನ್ನಷ್ಟು ಸೂಕ್ಷ್ಮವಾಗಬಹುದು. ಆನ್‌ಲೈನಲ್ಲಿ ದೀಪ ತರಿಸಿ ಮನೆಯಲ್ಲೇ ಪ್ರಯೋಗ ಮಾಡುವುದಂತೂ ಬೇಡವೇ ಬೇಡ.

ಇನ್ನೊಂದು: ಬಸ್ಸಿನ ಕಿಟಕಿ ಗಾಜು ಎಳೆದುಕೊಂಡರೆ ಬಿಸಿಲು ತಪ್ಪಿತು ಅಂತಲ್ಲ, ಯುವಿಎ ಅನ್ನುವ ಇನ್ನೊಂದು ಬಗೆಯ ಅತಿನೇರಳೆ ಕಿರಣ ಗಾಜನ್ನೂ ದಾಟಿ ಬರುತ್ತದೆ. ಉದ್ದ ತೋಳಿನ ಹತ್ತಿ ಅಂಗಿ ಹಾಕಿಕೊಳ್ಳಿ.