ಅದು ಬಾಣಂತನದ ನೋವಲ್ಲ

ಪುಟ್ಟಿ,

ಮೊನ್ನೆ ಫೋನಿನಲ್ಲಿ, ನನ್ನ ಸೊಂಟ ನೋವಿಗೆ ಕಾರಣ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವ ಕಾಯಿಲೆ ಅಂತ ಹೇಳಿದಾಗ ನೀನು ಮೊದಲು ಕೇಳಿದ್ದು ‘ಹಾಗಾದ್ರೆ ಆ ಇಂಜೆಕ್ಷನ್‌ನಿಂದ ಬಂದಿದ್ದಲ್ವಾ?’ ಅಂತ. ಅಲ್ಲ ಅಂದೆ. ನೀನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅಷ್ಟರಲ್ಲಿ ನಿಮ್ಮಪ್ಪ ಫೋನ್ ತೆಗೆದುಕೊಂಡು ಪಿಎಫ್ ವಿಷಯ ಶುರು ಮಾಡಿದರು. ಅದಕ್ಕೇ ಈ ಕಾಗದ.

ಆ ಇಂಜೆಕ್ಷನ್ ಕಥೆ ನಮ್ಮ ಮನೆಯಲ್ಲಿ ನಿನ್ನಷ್ಟೇ ವಯಸ್ಸಿನದು. ಸಿಸೇರಿಯನ್ ಮಾಡುವಾಗ ಬೆನ್ನಿಗೆ ಸೂಜಿ ಹಾಕಿದರು, ಅಲ್ಲಿಂದ ಇವಳ ಸೊಂಟ ಹೋಯಿತು. ಅಜ್ಜಿ ಹೇಳಿದರು, ದೊಡ್ಡಮ್ಮ ಹೇಳಿದರು, ಹಾಲು ಹಾಕುವವಳೂ ಹೇಳಿದಳು. ನಿನ್ನ ಹುಟ್ಟುಹಬ್ಬಕ್ಕೆ ಪಾಯಸ ಬಡಿಸುತ್ತಾ ನಾನು ಸೊಂಟ ಹಿಡಿದುಕೊಂಡರೆ ‘ಇವಳನ್ನ ಹೆತ್ತಿದ್ದೇ ಹೆತ್ತಿದ್ದು’ ಅಂತ ಯಾರಾದರೂ ನಗುತ್ತಿದ್ದರು. ತಮಾಷೆಗೇ. ಆದರೆ ನೀನು ಐದನೇ ಕ್ಲಾಸಿಗೇ ನೀರಿನ ಬಕೆಟ್ ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದೆ. ಒಳ್ಳೆ ಹುಡುಗಿ ಅಂತ ಎಲ್ಲರೂ ಹೊಗಳಿದರು. ಮಗು ಯಾವುದೋ ಸಾಲ ತೀರಿಸುತ್ತಿದೆ ಅಂತ ಯಾರಿಗೂ ಅನ್ನಿಸಲಿಲ್ಲ.

ಕೇಳು. ಆ ನೋವು ನೀನು ಹುಟ್ಟುವ ಮೊದಲೇ ಇತ್ತು. ಬಿ.ಎಡ್ ಓದುವಾಗ, ಹಾಸ್ಟೆಲ್ಲಿನಲ್ಲಿ, ಬೆಳಿಗ್ಗೆ ಮಂಚದಿಂದ ಇಳಿಯುವುದೇ ಒಂದು ಕೆಲಸ. ಮಗ್ಗುಲಾಗಿ, ಮೊಣಕೈ ಊರಿ, ಗೋಡೆ ಹಿಡಿದು. ತಿಂಡಿ ಮುಗಿದು ಕಾಲೇಜಿಗೆ ನಡೆಯುವಷ್ಟರಲ್ಲಿ ಸುಮಾರಾಗಿ ಸಡಿಲವಾಗುತ್ತಿತ್ತು. ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. ಆಗ ಗಂಡು ಹುಡುಕುತ್ತಿದ್ದರಲ್ಲ, ‘ಸೊಂಟ ನೋವು ಗಿಂಟ ನೋವು ಅಂತ ಎಲ್ಲೂ ಬಾಯಿ ಬಿಡಬೇಡ’ ಅಂದರು. ಬಿಡಲಿಲ್ಲ. ಹಾಗಾಗಿ ನನ್ನ ನೋವು ಲೆಕ್ಕಕ್ಕೆ ಬಂದದ್ದೇ ಬಾಣಂತನದಿಂದ.

ಸಿಸೇರಿಯನ್ನಿಗೆ ಬೆನ್ನಿಗೆ ಕೊಡುವ ಸೂಜಿ ತೀರಾ ಸಣ್ಣದು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ಬೆನ್ನುನೋವು ಅದರಿಂದ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆದರೂ ಕರ್ನಾಟಕದ ಯಾವ ಊರಿಗೆ ಹೋಗು, ಸೊಂಟ ನೋವಿನ ಹೆಂಗಸು ಮೊದಲು ದೂರುವುದು ಆ ಸೂಜಿಯನ್ನೇ.

ಆಮೇಲಿನದು ನೀನೇ ನೋಡಿದ್ದೀಯ. ಉಳುಕು ತೆಗೆಸಿದ್ದು, ಎಣ್ಣೆ ಹಚ್ಚಿಸಿದ್ದು, ಬೆಲ್ಟು, ಟ್ರ್ಯಾಕ್ಷನ್, ಕ್ಯಾಲ್ಷಿಯಂ ಮಾತ್ರೆ. ಒಬ್ಬ ಮೂಳೆ ಡಾಕ್ಟರು ಎಂಆರ್‌ಐ ನೋಡಿ ಡಿಸ್ಕ್ ಉಬ್ಬಿದೆ ಅಂದರು, ಮಲಗಿ ರೆಸ್ಟ್ ಮಾಡಿ ಅಂದರು. ನೋವೇ ಇಲ್ಲದವರ ಸ್ಕ್ಯಾನುಗಳನ್ನೆಲ್ಲ ಒಟ್ಟು ಹಾಕಿ 2015ರಲ್ಲಿ ಒಂದು ಲೆಕ್ಕ ಪ್ರಕಟವಾಗಿದೆ. 20 ವರ್ಷದವರಲ್ಲೇ 100ಕ್ಕೆ 30 ಜನರ ಡಿಸ್ಕ್ ಉಬ್ಬಿರುತ್ತದಂತೆ, 80 ವರ್ಷದವರಲ್ಲಿ 84 ಜನರದ್ದು. ಅಂದರೆ ಸ್ಕ್ಯಾನಿನಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ.

ರೆಸ್ಟ್ ಮಾಡಿದೆ. ಜಾಸ್ತಿಯಾಯಿತು. ನನ್ನ ನೋವಿನ ರೀತಿಯೇ ಹಾಗಿತ್ತು. ಭಾನುವಾರ ಮಲಗಿದರೆ ಸೋಮವಾರ ಏಳಲಾಗದು. ಸ್ಕೂಲಿನಲ್ಲಿ ಕ್ರೀಡಾಕೂಟದ ಓಡಾಟವಿದ್ದ ವಾರ ಆರಾಮ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ನಡುಮನೆಯಲ್ಲಿ ಅಡ್ಡಾಡಿದರೆ ಮಾತ್ರ ಸಮಾಧಾನ. ನಿನ್ನ ಸೋದರತ್ತೆ ಹೇಳುತ್ತಿದ್ದ ಮಾತು ನೆನಪಿದೆಯಾ? ‘ಸ್ಕೂಲಿಗೆ ಹೋಗುವಾಗ ಸರಿ ಇರುತ್ತೆ, ಮನೆ ಕೆಲಸ ಅಂದ್ರೆ ನೋವು.’ ಆಗ ಅಳು ಬರುತ್ತಿತ್ತು. ಈಗ ನಗು ಬರುತ್ತದೆ, ಯಾಕೆಂದರೆ ಅವರು ನೋಡಿದ್ದು ಅರ್ಧ ಸರಿಯಾಗಿಯೇ ಇತ್ತು. ಓಡಾಡಿದರೆ ಕಡಿಮೆ, ಕೂತರೆ, ಮಲಗಿದರೆ ಜಾಸ್ತಿ: ಅದೇ ಈ ಕಾಯಿಲೆಯ ಗುರುತು. ಸುಳ್ಳಿನ ಗುರುತು ಅಂತ ಅವರು ತಿಳಿದುಕೊಂಡರು, ಅಷ್ಟೆ.

ಕೊನೆಗೆ ಬೆನ್ನಿನ ಗುಟ್ಟು ಹಿಡಿದದ್ದು ಕಣ್ಣಿನ ಡಾಕ್ಟರು! ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ ಹೋಗಿದ್ದೆ. ಮದ್ರಾಸ್ ಐ ಅಂದುಕೊಂಡಿದ್ದೆ. ಯುವೈಟಿಸ್ ಅಂದರು, ಕಣ್ಣಿನ ಒಳಗಿನ ಉರಿಯೂತ. ಡ್ರಾಪ್ಸ್ ಬರೆದುಕೊಡುತ್ತಾ, ತಲೆ ಎತ್ತದೆ, ‘ಬೆಳಿಗ್ಗೆ ಎದ್ದಾಗ ಸೊಂಟ ಬಿಗಿದಿರುತ್ತಾ?’ ಅಂತ ಕೇಳಿದರು. ನಾನು ಬೆನ್ನಿನ ಮಾತೇ ಎತ್ತಿರಲಿಲ್ಲ ಪುಟ್ಟಿ. ಮೈ ಜುಂ ಅಂತು.

ಅವರೇ ಬೆಂಗಳೂರಿನ ರುಮಟಾಲಜಿಸ್ಟ್, ಅಂದರೆ ಕೀಲುವಾತದ ಡಾಕ್ಟರ ಹತ್ತಿರ ಕಳಿಸಿದರು. ಈ ಡಾಕ್ಟರು ಪೆನ್ನಿನಿಂದ ನನ್ನ ಬೆನ್ನಿನ ಕೆಳಗೆ ಗುರುತು ಹಾಕಿದರು, 15 ಸೆಂಟಿಮೀಟರ್ ಅಂತರಕ್ಕೆ. ಬಗ್ಗಿ ಅಂದರು. ಸರಿಯಿರುವ ಬೆನ್ನಾದರೆ ಬಗ್ಗಿದಾಗ ಆ ಅಂತರ 20 ದಾಟಬೇಕಂತೆ. ನನ್ನದು ಹತ್ತಿರವೂ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಟೇಪು ಹಿಡಿದು ನನ್ನ ಬೆನ್ನು ಅಳೆದ ಮೊದಲ ಡಾಕ್ಟರು. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕಡೆ ಎಡಕ್ಕೊಂದು ಬಲಕ್ಕೊಂದು ಕೀಲಿದೆ. ಅಲ್ಲಿನ ಎಂಆರ್‌ಐ ಯಾರೂ ತೆಗೆಸಿರಲಿಲ್ಲ. ಉರಿಯೂತ ಇದ್ದದ್ದು ಅಲ್ಲಿ. ಎಚ್‌ಎಲ್‌ಎ-ಬಿ27 ಅನ್ನುವ ಜೀನ್ ಇದೆಯಾ ಅಂತ ನೋಡುವ ರಕ್ತಪರೀಕ್ಷೆ ಪಾಸಿಟಿವ್. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್.

ನಮ್ಮ ದೇಹವನ್ನು ಕಾಯಬೇಕಾದ ಶಕ್ತಿಯೇ ನಮ್ಮ ಕೀಲುಗಳ ಮೇಲೆ ತಿರುಗಿ ಬೀಳುವುದು ಇದರ ಸ್ವಭಾವ. ಸುಮ್ಮನೆ ಬಿಟ್ಟರೆ ಕೆಲವರಿಗೆ ಬೆನ್ನುಮೂಳೆಗಳು ಒಂದಕ್ಕೊಂದು ಅಂಟಿಕೊಂಡು ಬೆನ್ನು ಬಗ್ಗಿಬಿಡುತ್ತದೆ. ಸಾಮಾನ್ಯವಾಗಿ ಶುರುವಾಗುವುದು 45ರ ಒಳಗೆ, ಬಹಳ ಜನಕ್ಕೆ ಇಪ್ಪತ್ತರ ಆಸುಪಾಸಿನಲ್ಲೇ. ಹಿಂದೆ ಇದನ್ನು ಗಂಡಸರ ಕಾಯಿಲೆ ಅನ್ನುತ್ತಿದ್ದರು. ಹೆಂಗಸರ ಎಕ್ಸ್‌ರೇಯಲ್ಲಿ ಬದಲಾವಣೆ ನಿಧಾನಕ್ಕೆ ಕಾಣುತ್ತದೆ, ಅದಕ್ಕೇ ನಮಗೆ ಹೆಸರು ಸಿಗುವುದು ಇನ್ನೂ ತಡ. ಮೇಲಿಂದ, ಹೆಂಗಸಿಗೆ ಸೊಂಟ ನೋವು ಇದ್ದದ್ದೇ ಅನ್ನುವ ಮಾತು ಬೇರೆ.

ಹೆಸರು ಕೇಳಿ ನನಗೆ ಮೊದಲು ನೆನಪಾದದ್ದು ನಮ್ಮಪ್ಪ. ನೀನು ನೋಡಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಅವರ ಕುತ್ತಿಗೆ ತಿರುಗುತ್ತಿರಲಿಲ್ಲ, ಮೈ ಪೂರ್ತಿ ತಿರುಗಿಸಿ ನಿಲ್ಲುತ್ತಿದ್ದರು. ನೆಲ ನೋಡಿಕೊಂಡೇ ನಡೆಯುತ್ತಿದ್ದರು. ಅಡಿಕೆ ಹೊರೆ ಹೊತ್ತು ಹೀಗಾಯಿತು ಅಂತ ಊರೇ ನಂಬಿತ್ತು. ಈಗ ಪರೀಕ್ಷೆ ಮಾಡಿಸುವಂತಿಲ್ಲ. ನನಗಂತೂ ಅನುಮಾನವಿಲ್ಲ.

ಈ ಬಿ27ಕ್ಕೂ ಕಾಯಿಲೆಗೂ ನಂಟಿದೆ ಅಂತ 1973ರಲ್ಲಿ ಲಂಡನ್ನಿನ ಒಂದು ತಂಡ, ಲಾಸ್ ಏಂಜಲೀಸ್‌ನ ಇನ್ನೊಂದು ತಂಡ ಕಂಡುಕೊಂಡವು. ನಾನು ಹತ್ತನೇ ಕ್ಲಾಸಿಗೆ ಅನುವಂಶೀಯತೆಯ ಪಾಠ ಮಾಡುತ್ತಾ ಬಂದವಳು, ಲೆಕ್ಕ ಗೊತ್ತು. ಅಪ್ಪನಿಂದ ನನಗೆ, ನನ್ನಿಂದ ನಿನಗೆ. ನಿನಗೆ ಬಂದಿರುವ ಸಂಭವ ಅರ್ಧಕ್ಕರ್ಧ. ಇದು ಮೇಲಿನಿಂದ ಕೆಳಗೆ ಇಳಿಯುವ ವಸ್ತು ಪುಟ್ಟಿ. ನೀನು ನನಗೆ ಕೊಡಲು ಸಾಧ್ಯವೇ ಇಲ್ಲ.

ಹೆದರಬೇಡ. ಆ ಜೀನ್ ಇದ್ದವರಲ್ಲಿ ಬಹುಪಾಲು ಜನಕ್ಕೆ ಕಾಯಿಲೆ ಬರುವುದೇ ಇಲ್ಲ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಸಂಭವ ಹೆಚ್ಚು, ನಿಜ. ನೋವಿಲ್ಲದೆ ನೀನು ಟೆಸ್ಟ್ ಮಾಡಿಸಬೇಕಾಗಿಲ್ಲ, ಡಾಕ್ಟರನ್ನು ಕೇಳಿಯೇ ಬರೆಯುತ್ತಿದ್ದೇನೆ. ಆದರೆ ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ ಇದ್ದರೆ, ಅದು ಮೂರು ತಿಂಗಳಾದರೂ ಬಿಡದಿದ್ದರೆ, ಹಿಮ್ಮಡಿ ಸುಮ್ನೆ ನೋಯುತ್ತಿದ್ದರೆ, ರುಮಟಾಲಜಿಸ್ಟ್ ಹತ್ತಿರವೇ ಹೋಗು. ಅಮ್ಮನಿಗೆ ಇದೆ ಅಂತ ಮೊದಲೇ ಹೇಳು. ಉರಿಯೂತ ಹುಡುಕುವ ರಕ್ತಪರೀಕ್ಷೆಗಳು, ಇಎಸ್‌ಆರ್, ಸಿಆರ್‌ಪಿ, ನಾರ್ಮಲ್ ಬಂದರೂ ಕಾಯಿಲೆ ಇರಬಹುದು, ಅದನ್ನು ತೋರಿಸಿ ಯಾರಾದರೂ ವಾಪಸ್ ಕಳಿಸಿದರೆ ಬರಬೇಡ. ಕಣ್ಣು ಕೆಂಪಾಗಿ ನೋಯುತ್ತಾ, ಬೆಳಕು ಚುಚ್ಚಿದರೆ ಅವತ್ತೇ ಕಣ್ಣಿನ ಡಾಕ್ಟರು.

ನನಗೆ ಈಗ ನೋವಿನ ಮಾತ್ರೆ, ಜೊತೆಗೆ ಹೊಟ್ಟೆಗೊಂದು ಮಾತ್ರೆ, ದಿನಾ ವ್ಯಾಯಾಮ. ವ್ಯಾಯಾಮವೂ ಔಷಧಿಯೇ, ತಪ್ಪಿಸುವಂತಿಲ್ಲ ಅಂದಿದ್ದಾರೆ. ಇಷ್ಟರಲ್ಲಿ ಹತೋಟಿಗೆ ಬರದಿದ್ದರೆ ಉರಿಯೂತ ತಗ್ಗಿಸುವ ಅಡಾಲಿಮುಮ್ಯಾಬ್ ಇಂಜೆಕ್ಷನ್. ಅದರ ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವಂತೆ ಬೇರೆ ಕಂಪನಿ ತಯಾರಿಸಿದ ಔಷಧಿ, 2014ರಿಂದ ನಮ್ಮ ದೇಶದಲ್ಲೇ ಸಿಗುತ್ತಿದೆ, ಆದರೂ ಅಗ್ಗವೇನಲ್ಲ. ಅದನ್ನು ಕೊಡುವ ಮೊದಲು ಟಿಬಿ ಪರೀಕ್ಷೆ ಮಾಡಲೇಬೇಕು, ಒಳಗೆ ಸುಮ್ಮನೆ ಮಲಗಿರುವ ಟಿಬಿ ಎದ್ದುಬಿಡಬಹುದು ಅಂತ.

ಬರುವ ತಿಂಗಳು ಮತ್ತೆ ಬೆಂಗಳೂರಿಗೆ ಬರಬೇಕು. ನಿಮ್ಮಪ್ಪ ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿಗೆ ಟಿಕೆಟ್ ಮಾಡಲು ಹೊರಟಿದ್ದರು. ಬೇಡ ಅಂದೆ, ಆ ಹೊತ್ತಿಗೆ ನನ್ನ ಸೊಂಟ ಇನ್ನೂ ಎದ್ದಿರುವುದಿಲ್ಲ. ಹಿಂದಿನ ದಿನ ಮಧ್ಯಾಹ್ನದ ರೈಲಿಗೆ ಬರುತ್ತೇನೆ, ಬೋಗಿಯಲ್ಲಿ ಎದ್ದು ಅಡ್ಡಾಡಬಹುದು. ನಿನ್ನ ರೂಮಿನಲ್ಲೇ ಉಳಿಯುತ್ತೇನೆ. ಲಗೇಜ್ ಹೊರಲು ರಜೆ ಹಾಕಿ ಸ್ಟೇಷನ್ನಿಗೆ ಬರಬೇಡ. ಚಕ್ರದ ಸೂಟ್‌ಕೇಸ್ ತಗೊಂಡಿದ್ದೇನೆ, ನಾನೇ ಎಳೆದುಕೊಂಡು ಬರುತ್ತೇನೆ.

ನಿನ್ನ
ಅಮ್ಮ