ಮರೆವು ಅಳೆಯುವಾಗ ಮನೆಯವರನ್ನೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಮರೆವು ತರುವ ಆಲ್ಝೈಮರ್ ಕಾಯಿಲೆಯನ್ನು ಕಂಪ್ಯೂಟರ್ ಬೇಗ ಪತ್ತೆ ಮಾಡುತ್ತದೆ ಅನ್ನುವ ಸುದ್ದಿ ಈಗೀಗ ಜಾಸ್ತಿ. ಒಳ್ಳೆಯದೇ. ಮಿದುಳಿನಲ್ಲಿ ನೆನಪಿನ ಕೆಲಸ ನೋಡಿಕೊಳ್ಳುವ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ ಎಷ್ಟು ಕುಗ್ಗಿದೆ ಅಂತ ಎಂಆರ್‌ಐ ಚಿತ್ರದಲ್ಲಿ ಸಾಫ್ಟ್‌ವೇರ್ ಅಳೆಯುತ್ತದೆ, ಅದೇ ವಯಸ್ಸಿನ ಬೇರೆಯವರ ಜೊತೆ ಹೋಲಿಸುತ್ತದೆ. ಆ ಬೇರೆಯವರು ಯಾರು ಅನ್ನೋದೇ ನನ್ನ ತಕರಾರು. ಇಂಥ ಸಾಫ್ಟ್‌ವೇರ್ ಕಲಿಸಲು ತುಂಬಾ ಬಳಸಿರುವುದು ಅಮೆರಿಕದಲ್ಲಿ 2004ರಲ್ಲಿ ಶುರುವಾದ ಎಡಿಎನ್ಐ ಅನ್ನೋ ಆಲ್ಝೈಮರ್ ಅಧ್ಯಯನದ ಚಿತ್ರಗಳನ್ನು. ಅದರಲ್ಲಿದ್ದವರು ಬಹುಪಾಲು ಚೆನ್ನಾಗಿ ಓದಿಕೊಂಡ ಬಿಳಿಯರು. ಜಗಳೂರಿನ ಅಜ್ಜಿಗೆ ಅದೇ ಅಳತೆ ಹಿಡಿದರೆ ಹೇಗೆ?

ಸ್ಕ್ಯಾನ್ ಇರಲಿ, ಟ್ಯಾಬ್‌ನಲ್ಲಿ ಮಾಡುವ ನೆನಪಿನ ಪರೀಕ್ಷೆಯ ಕಥೆಯೂ ಇದೇ. ನಮ್ಮ ಅತ್ತೆ ಇಲ್ಲೇ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು, ಶಾಲೆ ಮೆಟ್ಟಿಲು ಹತ್ತಿದವರಲ್ಲ. ನೂರರಲ್ಲಿ ಏಳು ಕಳೆಯಿರಿ, ಮತ್ತೆ ಏಳು ಕಳೆಯಿರಿ ಅಂತ ಪರೀಕ್ಷೆ ಮಾಡುವ ಹುಡುಗಿ ಕೇಳಿದಳು. "ಅದ್ಯಾಕವ್ವ ಕಳೀಬೇಕು, ಯಾರಿಗೆ ಕೊಡೋದೈತಿ?" ಅಂದರು ಅತ್ತೆ. (1975ರ ಎಂಎಂಎಸ್‌ಇ ಅನ್ನೋ ನೆನಪಿನ ಪರೀಕ್ಷೆಯ ಈ ಪ್ರಶ್ನೆ ಇನ್ನೂ ಓಡಾಡುತ್ತಿದೆ ನೋಡಿ.) ಗಡಿಯಾರದ ಚಿತ್ರ ಬರೆಯಿರಿ ಅಂದಾಗ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಸುಮ್ನೆ ಕೂತರು. ಅಂಕ ಕಡಿಮೆ ಬಂತು. ನಿಜವಾದ ವಿಷಯ ಬೇರೆಯೇ ಇತ್ತು: ಕಣ್ಣು ಮುಚ್ಚಿ ಸೇರು, ಪಾವು ಅಳೆಯುತ್ತಿದ್ದವರು ಈಗ ಎಷ್ಟನೇ ಸೇರು ಅಂತ ನಡುವೆ ನಿಲ್ಲಿಸುತ್ತಾರೆ, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ಪಕ್ಕದಲ್ಲೇ ಕೂತಿದ್ದ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಓದು ಬಾರದ ಹಿರಿಯರಿಗೆಂದೇ ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲೇ ಹಿಂದಿಯಲ್ಲಿ ಪರೀಕ್ಷೆ ರೂಪಿಸಿದ್ದರು. ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ, ಅವರಲ್ಲಿ ಅಕ್ಷರ ಬಾರದವರು ಕಡಿಮೆ ಇಲ್ಲ. ಇನ್ನೊಂದು, ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ತೊಂದರೆಯಿದ್ದರೂ, ಮನಸ್ಸು ಕುಗ್ಗಿದರೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಅದನ್ನು ನೋಡದೆ ದುಬಾರಿ ಸ್ಕ್ಯಾನ್‌ಗೆ ಓಡಿಸುವುದು ಯಾವ ನ್ಯಾಯ?

ನಮ್ಮ ಮಾತಿನಲ್ಲೇ ಕೇಳುವ, ಸೊಸೆ ಮಗಳನ್ನೂ ವಿಚಾರಿಸುವ ಪರೀಕ್ಷೆ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಯಾವಾಗ ಬರುತ್ತದೆ ಅಂತ ಜಿಲ್ಲಾ ಆರೋಗ್ಯ ಇಲಾಖೆಯವರು ನಿಮ್ಮ ಪತ್ರಿಕೆಯ ಮೂಲಕವೇ ತಿಳಿಸಿದರೆ ಉಪಕಾರ.

ಇತಿ,
ನಿಮ್ಮ ಓದುಗಿ, ದಾವಣಗೆರೆ