ಕರುವಿಲ್ಲದೆ ಸೊರೆ ಬಿಡದ ಹಸುವಿಗೆ ರೋಬೋಟ್ ಏನು ಮಾಡೀತು?

ಮಾನ್ಯ ಸಂಪಾದಕರೇ,

ಯುರೋಪಿನಲ್ಲಿ ಹಾಲು ಕರೆಯುವ ರೋಬೋಟ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ‘ಇನ್ನೂ ಬದಲಾಗದ ಕೆಲವು ಹಠಮಾರಿ ರೈತರು’ ಅಂತ ಒಂದು ಸಾಲು ಇತ್ತಲ್ಲ, ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಅಂಥ ಒಬ್ಬ ಹಠಮಾರಿಯ ಕೊಟ್ಟಿಗೆಯಲ್ಲಿ ನಾನು ಅರ್ಧ ದಿನ ಕಳೆದು ಬಂದವಳು.

2023ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆ ಫ್ರಾನ್ಸಿನ ಕ್ಲೆರ್ಮೋ ಫೆರಾನ್‌ಗೆ ಹೋಗಿದ್ದೆ. ವೀಸಾ ಮೂರು ತಿಂಗಳದ್ದು. ದನದ ಮುಖ ಕಾಣದೆ ನಾನು ಮಂಕಾಗಿದ್ದು ನೋಡಿ, ಅಳಿಯಂದಿರು ಒಂದು ಭಾನುವಾರ ನನ್ನನ್ನೂ ಮಗಳನ್ನೂ ಕೂಸನ್ನೂ ಕೂರಿಸಿಕೊಂಡು ಕಾಂತಾಲ್ ಬೆಟ್ಟಗಳ ಕಡೆ ಕಾರು ತಿರುಗಿಸಿದರು. ಕರಿಕಲ್ಲಿನ ಮನೆಗಳು, ನಮ್ಮ ಮಲೆನಾಡಿನ ಹುಲ್ಲುಗಾವಲು ಬ್ಯಾಣದ ಹಾಗೇ ಬೋಳು ಗುಡ್ಡ, ತುಂಬ ಹುಲ್ಲು. ಅಲ್ಲಿ ಮೇಯುತ್ತಿದ್ದವು ಸಲೇರ್ ತಳಿಯ ಹಸುಗಳು. ಗಾಢ ಕೆಂಪು ಮೈ, ಹೊರಕ್ಕೆ ಬಾಗಿ ಮೇಲಕ್ಕೆ ತಿರುಗಿದ ದೊಡ್ಡ ಕೊಂಬು.

ಆ ಹಸುಗಳ ಯಜಮಾನರಿಗೆ ಅರವತ್ತೇಳು ವರ್ಷ. ಇಪ್ಪತ್ತೆಂಟು ಹಸು. ಸಂಜೆ ಕರೆಯುವ ಹೊತ್ತಿಗೆ ಸರಿಯಾಗಿ ಹೋಗಿದ್ದೆವು. ಅವರು ಒಂದು ಹೆಸರು ಕೂಗಿದರು. ಕರುಗಳ ಗುಂಪಿನಿಂದ ಒಂದೇ ಒಂದು ಕರು ಓಡಿ ಬಂತು! ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯಿತು. ಸ್ವಲ್ಪ ಹೊತ್ತಿಗೆ ಅದನ್ನು ಬಿಡಿಸಿ ತಾಯಿಯ ಮುಂಗಾಲಿಗೆ ಕಟ್ಟಿದರು. ಕರುವಿನ ಬೆನ್ನಿಗೆ ಒಂದು ಚಿಟಿಕೆ ಉಪ್ಪು ಉದುರಿಸಿದರು. ತಾಯಿ ಅದನ್ನು ನೆಕ್ಕುತ್ತಾ ನಿಂತಿತು, ಇವರು ಕರೆದರು. ನಾನು ‘ಅಯ್ಯೋ’ ಅಂದುಬಿಟ್ಟೆ. ಸಾಗರದ ಹಳ್ಳಿಯಲ್ಲಿ ನಲವತ್ತು ವರ್ಷ ಮಲೆನಾಡು ಗಿಡ್ಡ ಕರೆದವಳು ನಾನು. ಕರು ಬಾಯಿ ಹಾಕದೆ ನಮ್ಮ ಹಸು ಗೌರಿ ಸೊರೆ ಬಿಟ್ಟಿದ್ದೇ, ಅಂದರೆ ಕೆಚ್ಚಲಿಗೆ ಹಾಲು ಇಳಿಸಿದ್ದೇ ಇಲ್ಲ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದ ಕಾಲ ನನಗೆ ನೆನಪಿದೆ. ಸಲೇರ್ ಕೂಡ ಅಂಥದ್ದೇ ಜಾತಿ.

ಈಗ ಹೇಳಿ, ಅಲ್ಲಿಗೆ ರೋಬೋಟ್ ತಂದು ಏನು ಮಾಡುವುದು? ಒಂದಕ್ಕೆ ಲಕ್ಷ ಯೂರೋ ಮೀರುತ್ತದೆ, ನಮ್ಮ ಲೆಕ್ಕದಲ್ಲಿ ಕೋಟಿಯ ಹತ್ತಿರ. ಅದನ್ನು ಹಾಕಬೇಕಾದರೆ ಮೊದಲು ಹಸುವನ್ನೇ ಬದಲಾಯಿಸಬೇಕು. ಜಾಸ್ತಿ ಹಾಲಿನ ಕಪ್ಪು-ಬಿಳಿ ಹಸು ತರಬೇಕು. ಅದಕ್ಕೆ ಹಿಂಡಿ, ಅದಕ್ಕೆ ಸಾಲ. ಮಗಳು ಯಜಮಾನರ ಮಾತನ್ನು ಹೀಗೆ ಕನ್ನಡಕ್ಕೆ ಹೇಳಿದಳು: ‘ನನ್ನ ಹಸು ಕಡಿಮೆ ಕೊಡುತ್ತೆ, ನಿಜ. ಆದರೆ ಬರೀ ಹುಲ್ಲು ತಿಂದು ಕೊಡುತ್ತೆ.’ ಇದು ಹಠವೋ ಲೆಕ್ಕವೋ, ನೀವೇ ಹೇಳಿ.

ಆ ಹಾಲಿನಲ್ಲಿ ಸಲೇರ್ ಅನ್ನುವ ಚೀಸ್ ಮಾಡುತ್ತಾರೆ. ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ ಮಾತ್ರ, ಹಸು ಹುಲ್ಲುಗಾವಲಿನಲ್ಲಿ ಇರುವಾಗ. ಹಾಲು ಕಾಯಿಸುವುದಿಲ್ಲ. ಕರೆದ ಹಾಲು ನೇರ ‘ಜೆರ್ಲ್’ ಅನ್ನುವ ಮರದ ದೊಡ್ಡ ತೊಟ್ಟಿಗೆ ಬೀಳಬೇಕು. ಮರದಲ್ಲಿ ರೋಗಾಣು ಇರುತ್ತವೆ, ಸ್ಟೀಲ್ ಬಳಸಿ ಅಂತ ಶುಚಿತ್ವದ ನಿಯಮದವರು ಹಿಂದೆ ಬೆನ್ನು ಹತ್ತಿದ್ದರು. ಕೊನೆಗೆ ಅಲ್ಲೇ ಹತ್ತಿರದ ಓರಿಯಾಕ್‌ನ ವಿಜ್ಞಾನಿಗಳೇ ಪರೀಕ್ಷೆ ಮಾಡಿ ನೋಡಿದರು. ಮರದ ಒಳಮೈಗೆ ಅಂಟಿಕೊಂಡ ಒಳ್ಳೆಯ ಸೂಕ್ಷ್ಮಜೀವಿಗಳು ಕೆಟ್ಟವನ್ನು ಬೆಳೆಯಗೊಡುವುದಿಲ್ಲವಂತೆ. ಹಾಲು ಹುಳಿಯಾಗಲು ಬೇಕಾದದ್ದೂ ಆ ಮರದಿಂದಲೇ ಸಿಗುತ್ತದಂತೆ. ಅಂದರೆ ತೊಟ್ಟಿಯೇ ಹೆಪ್ಪು! ನಮ್ಮತ್ತೆ ಮೊಸರಿನ ಮಡಕೆಯನ್ನು ಯಾರಿಗೂ ತೊಳೆಯಲು ಕೊಡುತ್ತಿರಲಿಲ್ಲ. ಅವರಿಗೆ ಯಾವ ವಿಜ್ಞಾನಿಯೂ ಸರ್ಟಿಫಿಕೇಟ್ ಕೊಡಲಿಲ್ಲ, ಪಾಪ.

ಯಜಮಾನರು ಮಾಡುವುದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಕಂಪ್ಯೂಟರ್ ಮುಟ್ಟುವುದಿಲ್ಲ ಅಂತ ಪಟ್ಟು ಹಿಡಿದಿದ್ದಾರೆ. ಅಲ್ಲಿ ಪ್ರತಿ ದನದ ಎರಡೂ ಕಿವಿಗೆ ಬಿಲ್ಲೆ, ಪ್ರತಿಯೊಂದಕ್ಕೂ ಪಾಸ್‌ಪೋರ್ಟ್. ಹೌದು, ಕರುವಿಗೂ ಪಾಸ್‌ಪೋರ್ಟ್. ನನಗೆ ಸಿಕ್ಕಿದ್ದು ಐವತ್ತೆಂಟನೇ ವಯಸ್ಸಿನಲ್ಲಿ! ಆ ಕಾಗದಪತ್ರವನ್ನೆಲ್ಲ ಹೆಂಡತಿ ನೋಡಿಕೊಳ್ಳುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಒಡೆಯದ ಲಕೋಟೆಗಳ ರಾಶಿ. ಮಗ ಪಟ್ಟಣದಲ್ಲಿ ಕೆಲಸದಲ್ಲಿದ್ದಾನೆ, ವಾಪಸ್ ಬರುವ ಮನಸ್ಸಿಲ್ಲ. ಸಬ್ಸಿಡಿ ಬರುವುದೂ ಅದೇ ಕಾಗದಗಳ ಮೇಲೆ. ಅದು ನಿಂತರೆ ಕೊಟ್ಟಿಗೆಯೂ ನಿಂತ ಹಾಗೇ. ಫ್ರಾನ್ಸಿನಲ್ಲಿ 2010ರಿಂದ 2020ರ ಒಳಗೆ ಸುಮಾರು ಒಂದು ಲಕ್ಷ ಕೃಷಿ ಕುಟುಂಬಗಳ ಜಮೀನು-ಕೊಟ್ಟಿಗೆ ಮುಚ್ಚಿವೆ.

ಆ ರಾಶಿ ನೋಡಿ ಅಳಿಯಂದಿರು ಮೆಲ್ಲಗೆ ಕನ್ನಡದಲ್ಲೇ ಒಂದು ಸಂಗತಿ ಹೇಳಿದರು. 2017ರ ಮೇ ತಿಂಗಳಲ್ಲಿ, ಸೋನ್-ಎ-ಲುವಾರ್ ಜಿಲ್ಲೆ. ದನ ಸಾಕುವ ಒಬ್ಬ ರೈತ, ಇನ್ನೂ 36 ವರ್ಷ. ಕರುಗಳ ನೋಂದಣಿ ತಡವಾಯಿತು ಅಂತ ಶುರುವಾದ ತಪಾಸಣೆ ಮೇಲಿಂದ ಮೇಲೆ ನಡೆಯಿತು. ಒಂದು ದಿನ ಆತ ತಪ್ಪಿಸಿಕೊಂಡು ಹೋದ. ಒಂಬತ್ತು ದಿನಕ್ಕೆ ಪೊಲೀಸರ ಗುಂಡಿಗೆ ಸತ್ತ. ಕೇಳಿ ನನ್ನ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು.

ಮಗಳು ಸುಮ್ನೆ ಕೂರಲಿಲ್ಲ. ‘ಇತ್ತೀಚೆಗೆ ಕರು ಹುಟ್ಟಿದೆಯಾ?’ ಅಂತ ಕೇಳಿದಳು. ಒಂದು ಹೆಣ್ಣುಗರು ಇತ್ತು, ಅದರ ನೋಂದಣಿ ಫಾರಂ ಖಾಲಿ, ಗಡುವಿಗೆ ಮೂರೇ ದಿನ. ಅಲ್ಲಿ ಆಯಾ ವರ್ಷ ಹುಟ್ಟಿದ ಕರುಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗಬೇಕು ಅನ್ನುವ ಪದ್ಧತಿ. ಆ ವರ್ಷದ್ದು ಇಂಗ್ಲಿಷಿನ ಯು. ‘ಈ ಅಕ್ಷರಕ್ಕೆ ಹೆಸರೇ ಸಿಗುತ್ತಿಲ್ಲ, ನಿಮ್ಮ ಕಡೆ ಏನಾದರೂ ಇದೆಯಾ?’ ಅಂತ ಯಜಮಾನರು ನನ್ನ ಮುಖ ನೋಡಿದರು. ನಾನು ‘ಉಮಾ’ ಅಂದೆ. ಅವರು ಎರಡು ಸಲ ಹೇಳಿ ನೋಡಿಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು, ಮಗಳು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಅವರೇ ಬರೆದರು. ಹೋಗುವಾಗ ಲಕೋಟೆಯನ್ನು ನಮ್ಮ ಕೈಗೇ ಕೊಟ್ಟರು. ಹಸುವಿನ ಹೆಸರೇ ಇರುವ ಸಲೇರ್ ಪೇಟೆಯ ಅಂಚೆ ಡಬ್ಬಕ್ಕೆ ಅದನ್ನು ಹಾಕಿದವಳು ನಾನೇ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಸಾಗರ ತಾಲ್ಲೂಕು